ಎಲೆಕ್ಟ್ರಿಕ್ ಕಾರಾ? ಮೊದಲು ಪಾರ್ಕಿಂಗ್ ನೋಡಿ

ಪೆಟ್ರೋಲ್ ಕಾರ್ ಕೊಟ್ಟು ಎಲೆಕ್ಟ್ರಿಕ್ ತಗೋಬೇಕು ಅಂತಿದ್ದೀರಾ?
ರಾತ್ರಿ ಕಾರ್ ನಿಲ್ಲಿಸೋ ಜಾಗದಲ್ಲಿ
ಪ್ಲಗ್ ಪಾಯಿಂಟ್ ಇದೆಯಾ?

ಸ್ವಂತ ಮನೆ ಆದ್ರೆ ಚಿಂತೆ ಕಡಿಮೆ.
ಗೀಸರ್‌ಗೆ ಹಾಕ್ತೀವಲ್ಲ, ಆ 15 ಆಂಪ್ ಸಾಕೆಟ್ ಸಾಕು.
ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತೆ.
30 ಯೂನಿಟ್ ಬ್ಯಾಟರಿಗೆ ಹತ್ತಿರ ಹತ್ತಿರ 10 ಗಂಟೆ.
ಅರ್ಥಿಂಗ್ ಮಾತ್ರ ಸರಿಯಾಗಿರ್ಲೇಬೇಕು.

ನಿಜವಾದ ಕಷ್ಟ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ.
ಮೀಟರ್ ಒಂದು ಮೂಲೆ,
ಕಾರ್ ಬೇಸ್‌ಮೆಂಟ್‌ನ ಇನ್ನೊಂದು ಮೂಲೆ.
ನಡುವೆ ಕೇಬಲ್ ಎಳೀಬೇಕು.
ಅಸೋಸಿಯೇಷನ್ ಒಪ್ಪಬೇಕು.
ಬಾಡಿಗೆ ಮನೆ ಆದ್ರೆ ಓನರ್ ಕೂಡ ಒಪ್ಪಬೇಕು.
ಮಂಜೂರಾದ ಲೋಡ್ ಸಾಲದಿದ್ರೆ ಬೆಸ್ಕಾಂಗೆ ಅರ್ಜಿ.
ದಯವಿಟ್ಟು, ಇಷ್ಟೂ ಮುಗಿಸ್ಕೊಂಡು
ಆಮೇಲೆ ಕಾರ್ ಬುಕ್ ಮಾಡಿ.

ಇನ್ನು ದೂರದ ಪ್ರಯಾಣ.
ಬೆಂಗಳೂರಿಂದ ಮಂಗಳೂರು, ಸುಮಾರು 350 ಕಿಲೋಮೀಟರ್.
ದಾರಿಯಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿದ್ರಿ.
80 ಪರ್ಸೆಂಟ್‌ವರೆಗೆ ಸರಸರ ಏರುತ್ತೆ.
ಆಮೇಲೆ? ನಿಧಾನ.
ಬಿಂದಿಗೆ ಕಂಠದವರೆಗೆ ತುಂಬಿದಾಗ
ನಲ್ಲಿ ಸಣ್ಣ ಮಾಡ್ತೀವಲ್ಲ, ಹಾಗೆ.
ಬ್ಯಾಟರಿ ಹಾಳಾಗಬಾರದು ಅಂತ
ಕಾರೇ ಕರೆಂಟ್ ಕಡಿಮೆ ಮಾಡ್ಕೊಳ್ಳುತ್ತೆ.
ಅದಕ್ಕೆ, 80 ಆದ ತಕ್ಷಣ ಹೊರಡಿ.
ಹಿಂದೆ ಇನ್ನೊಬ್ರು ಕಾಯ್ತಿರ್ತಾರೆ.

ಇದೇ ದಾರಿಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಒಂದು ಖುಷಿ ಇದೆ.
ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ.
ಚಕ್ರದ ಓಟದಿಂದಲೇ ಮೋಟರ್ ಕರೆಂಟ್ ಮಾಡಿ
ಬ್ಯಾಟರಿಗೆ ವಾಪಸ್ ಕಳಿಸುತ್ತೆ!
ಆದ್ರೆ ಮಂಗಳೂರಿಂದ ವಾಪಸ್ ಬರುವಾಗ ಅದೇ ಘಾಟಿ ಹತ್ತಬೇಕು.
ಏರಿಯಲ್ಲಿ ಚಾರ್ಜ್ ಬೇಗ ಇಳಿಯುತ್ತೆ.
ಉಪ್ಪಿನಂಗಡಿ ದಾಟೋ ಮುಂಚೆ
ಒಂದ್ಸಲ ಪರ್ಸೆಂಟ್ ನೋಡ್ಕೊಳ್ಳಿ.