ಕೋತಿ ಪಾರ್ಟು ತಪ್ಪಿದ ಹುಡುಗ!

1946ನೇ ಇಸವಿ. ಕ್ಯಾಲಿಫೋರ್ನಿಯಾದಲ್ಲಿ ಹತ್ತಿ ಬಿಡಿಸುವ ಕೂಲಿಗಳ ಬಿಡಾರ. ಅಲ್ಲಿಂದ ಸ್ಕೂಲಿಗೆ ಹೋಗ್ತಿದ್ದ ಆರು ವರ್ಷದ ಹುಡುಗನೊಬ್ಬನ ಬುತ್ತಿಯ ಕಾಗದದ ಚೀಲ ಒಂದು ದಿನ ಮಾಯ! ಹುಡುಕಿದರೆ, ಟೀಚರಮ್ಮ ಅದನ್ನು ಹರಿದು ನೀರಲ್ಲಿ ನೆನೆಹಾಕಿದ್ದಾರೆ. ಯಾಕಂದ್ರೆ, ಕ್ರಿಸ್‌ಮಸ್ ನಾಟಕಕ್ಕೆ ಮುಖವಾಡ ಮಾಡೋದಕ್ಕೆ. ಹುಡುಗನಿಗೂ ಒಂದು ಪಾರ್ಟು ಸಿಕ್ಕಿತು. ಕೋತಿ ಪಾರ್ಟು!

ನಾಟಕಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ ಬಿಡಾರ ಖಾಲಿ ಮಾಡಿಸಿದರು. ಮನೆಮಂದಿಯೆಲ್ಲ ಲಾರಿ ಹತ್ತಿದರು. ಮುಖವಾಡ ಅಲ್ಲೇ ಉಳಿಯಿತು.

ಆ ಹುಡುಗನೇ ಲೂಯಿಸ್ ವಾಲ್ಡೆಜ್. ‘ಲಾ ಬಾಂಬಾ’ ಚಿತ್ರದ ನಿರ್ದೇಶಕ! ಹುಟ್ಟಿದ್ದು 1940ರಲ್ಲಿ, ಡೆಲಾನೊ ಊರಲ್ಲಿ. ಮೆಕ್ಸಿಕೋ ಮೂಲದ ಅಮೆರಿಕನ್ನರು, ಅಂದರೆ ಚಿಕಾನೊ ಜನ. ಕಾಲೇಜಿಗೆ ಸೇರಿದ್ದು ಗಣಿತ, ಭೌತಶಾಸ್ತ್ರಕ್ಕೆ ಸ್ಕಾಲರ್‌ಶಿಪ್ ಪಡೆದು, ಹೊರಬಂದಿದ್ದು ನಾಟಕಕಾರನಾಗಿ. (ಗಣಿತಕ್ಕೆ ಹೆದರಿ ಪಿಯುಸಿಯನ್ನೇ ಬಿಟ್ಟ ನನಗೆ ಈ ಆಸಾಮಿ ಹಿಡಿಸಿದ್ದು ಇಲ್ಲೇ ಅನ್ನಿ!)

1965ರಲ್ಲಿ ಡೆಲಾನೊದ ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಎದ್ದಿತು. ವಾಲ್ಡೆಜ್ ನೇರ ಸೀಸರ್ ಚಾವೆಜ್ ಬಳಿ ಹೋಗಿ, ಕೂಲಿಗಳ ನಾಟಕ ಕಂಪನಿ ಕಟ್ತೀನಿ ಅಂದ. ದುಡ್ಡಿಲ್ಲ, ನಟರಿಲ್ಲ, ಸ್ಟೇಜಿಲ್ಲ. ಲಾರಿಯ ಹಿಂಬದಿಯೇ ಸ್ಟೇಜು, ಕೂಲಿಗಳೇ ನಟರು! ಕೊರಳಿಗೆ ಒಂದು ಬೋರ್ಡು: ‘ಮುಷ್ಕರಗಾರ’, ‘ಕರಿಂಕಾಲಿ’, ‘ಧಣಿ’. ಧಣಿ ಪಾತ್ರಕ್ಕೆ ಹಂದಿಯ ಮುಖವಾಡ. ಅದನ್ನು ಹಾಕಿಕೊಂಡವನು ಹಗಲೆಲ್ಲ ಅದೇ ಧಣಿಯ ಎದುರು ಬಿಸಿಲಲ್ಲಿ ಘೋಷಣೆ ಕೂಗಿದವನು. ಜನ ಬಿದ್ದು ಬಿದ್ದು ನಗದೆ ಇರ್ತಾರೆಯೇ? ಕೂಲಿಯವನಿಗೆ ನಟನೆ ಕಲಿಸೋದು ಹೀಗೆ. ಧಣಿಯ ಹಾಗೆ ನಡೆದು ತೋರಿಸು ಅಂದರೆ ಸಾಕು, ಅವನು ವರ್ಷಗಟ್ಟಲೆ ನೋಡಿದ್ದಾನಲ್ಲ! ‘ಎಲ್ ಟಿಯಾಟ್ರೊ ಕ್ಯಾಂಪೆಸಿನೊ’ ಹುಟ್ಟಿದ್ದು ಹಾಗೆ.

ಆಮೇಲೆ ‘ಜೂಟ್ ಸೂಟ್’. 1942ರ ಕೊಲೆ ಕೇಸೊಂದರಲ್ಲಿ 17 ಮೆಕ್ಸಿಕನ್ ಹುಡುಗರಿಗೆ ಶಿಕ್ಷೆಯಾಗಿ, 1944ರಲ್ಲಿ ತೀರ್ಪು ರದ್ದಾದ ಕಥೆ. 1978ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಭರ್ಜರಿ ಯಶಸ್ಸು. ಮರುವರ್ಷ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು. ಐದೇ ವಾರಕ್ಕೆ ಡಬ್ಬಾ! ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ತಿದ್ದರು. ಈತ 1981ರಲ್ಲಿ ಅದನ್ನೇ ಸಿನಿಮಾ ಮಾಡಿದ. ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಆ ಕಪ್ಪು ಸೂಟಿನಲ್ಲಿ ಬೆನ್ನು ಬಾಗಿಸಿ ನಿಲ್ಲುವ ಠೀವಿ ನೋಡಬೇಕು ಗುರುವೇ!

1987ರಲ್ಲಿ ‘ಲಾ ಬಾಂಬಾ’. 17ನೇ ವಯಸ್ಸಿಗೇ ವಿಮಾನ ಅಪಘಾತದಲ್ಲಿ ಸತ್ತ ಗಾಯಕ ರಿಚಿ ವ್ಯಾಲೆನ್ಸ್‌ನ ಕಥೆ. ಅದು ಗೆದ್ದದ್ದು ನಿಮಗೆ ಗೊತ್ತೇ ಇದೆ. ನನಗೆ ಕಾಡಿದ್ದು ಹಾಡಲ್ಲ, ತೋಟದ ಕೂಲಿ ಬಿಡಾರ. ಅದನ್ನು ಬದುಕಿದವನೇ ಹಾಗೆ ತೆಗೆಯಬಲ್ಲ.

ನಟನಾಗಿ ಅವನನ್ನು ನೋಡಬೇಕೆಂದರೆ 1977ರ ‘ವಿಚ್ ವೇ ಈಸ್ ಅಪ್’ ಹುಡುಕಿ. 2017ರ ‘ಕೊಕೊ’ದಲ್ಲಿ ಬೆರ್ಟೊ ಪಾತ್ರದ ದನಿಯೂ ಅವನದೇ.

ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಮೇಷ್ಟರುಗಳಲ್ಲಿ ಈತನೂ ಒಬ್ಬ. ಆದರೆ ನಿಜವಾದ ಪಾಠಶಾಲೆ ಸ್ಯಾನ್ ವಾನ್ ಬೌಟಿಸ್ಟಾ ಊರಿನ ಥಿಯೇಟರು. ಅದು ಮೊದಲು ಏನಾಗಿತ್ತು ಗೊತ್ತೇ? ತೋಟದ ಮಾಲು ಪ್ಯಾಕ್ ಮಾಡುವ ಶೆಡ್ಡು!