ಹೆಪ್ಪುಗಟ್ಟದ ಲೋಹ

ಸೀಮೆಎಣ್ಣೆಯ ಸೀಸೆಯಿಂದ ಸೋಡಿಯಂ ತುಂಡೊಂದನ್ನು ಇಕ್ಕಳದಲ್ಲಿ ಎತ್ತಿ, ಚಾಕುವಿನಿಂದ ಕೊಯ್ದರೆ ಕೊಯ್ದ ಜಾಗ ಬೆಳ್ಳಿಯಂತೆ ಹೊಳೆಯುತ್ತದೆ. ನೋಡುತ್ತಿದ್ದಂತೆಯೇ ಮಬ್ಬಾಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಇದನ್ನು ಮೊದಲು ಕಂಡಾಗ ನಾನು ಬೆರಗಾದದ್ದು ಹೊಳಪಿಗಿಂತ ಹೆಚ್ಚಾಗಿ, ಅದು ಅಷ್ಟು ಬೇಗ ಆರಿಹೋದದ್ದಕ್ಕೆ. ಗಾಳಿ, ತೇವ ಸೋಕಿದೊಡನೆ ಈ ಲೋಹ ಕಾಯಿಸಿಟ್ಟ ಹಾಲಿನಂತೆ ಕೆನೆ ಕಟ್ಟುತ್ತದೆ. ಕೆನೆಯ ಅಡಿಯಲ್ಲಿ ಉಳಿದ ಲೋಹ ಕೆಲಸಕ್ಕೆ ಸಿಗುವುದಿಲ್ಲ. ರಸಾಯನ ವಿಜ್ಞಾನಿಗಳಿಗೆ ಇದು ಹಳೆಯ ಕಾಟ. ಅದರಿಂದ ಪಾರಾಗಲು ಅವರು ಹಿಡಿದ ದಾರಿಗಳಲ್ಲಿ ಒಂದು, ಗಟ್ಟಿ ಲೋಹದ ಬದಲು ದ್ರವ ಲೋಹವನ್ನೇ ಬಳಸುವುದು.

ಸೋಡಿಯಂ ಕರಗಲು ಸುಮಾರು 98 ಡಿಗ್ರಿ ಸೆಲ್ಸಿಯಸ್ ಬೇಕು, ಪೊಟ್ಯಾಸಿಯಂಗೆ 63 ಡಿಗ್ರಿ ದಾಟಬೇಕು. ಆದರೆ ತೂಕದಲ್ಲಿ 77 ಪಾಲು ಪೊಟ್ಯಾಸಿಯಂ, 23 ಪಾಲು ಸೋಡಿಯಂ ಬೆರೆತರೆ ಆ ಮಿಶ್ರಲೋಹ ಸೊನ್ನೆಗಿಂತ 12.6 ಡಿಗ್ರಿ ಕೆಳಗಿಳಿಯುವವರೆಗೂ ದ್ರವವಾಗಿಯೇ ಇರುತ್ತದೆ. ರೇಡಿಯೋ ರಿಪೇರಿ ಮಾಡಿದವರ ಕೈಗೆ ಈ ಗುಟ್ಟು ಗೊತ್ತು. ತವರ 232 ಡಿಗ್ರಿಗೆ, ಸೀಸ 327ಕ್ಕೆ ಕರಗಿದರೆ, 63ಕ್ಕೆ 37ರಂತೆ ಅವೆರಡೂ ಸೇರಿದ ಬೆಸುಗೆ ತಂತಿ 183ಕ್ಕೇ ನೀರಾಗುತ್ತದೆ. ಗಾತ್ರದಲ್ಲಿ ಒಂದಕ್ಕೊಂದು ಹೊಂದದ ಪರಮಾಣುಗಳು ಒಂದರ ಪಕ್ಕ ಒಂದು ಸಾಲುಗಟ್ಟಿ ಹರಳಾಗುವುದು ಕಷ್ಟ. ಸೋಡಿಯಂ, ಪೊಟ್ಯಾಸಿಯಂ ಎರಡರ ಚಿಹ್ನೆ ಕೂಡಿಸಿ ಅವುಗಳ ದ್ರವ ಮಿಶ್ರಲೋಹವನ್ನು 'ನ್ಯಾಕ್' ಎನ್ನುತ್ತಾರೆ. ನೋಡಲು ಪಾದರಸದಂತೆಯೇ, ಆದರೆ ನೀರಿಗಿಂತ ಹಗುರ.

ಈಥರ್‌ನಂಥ ದ್ರಾವಕಗಳಲ್ಲಿ ಅಡಗಿರುವ ಕೊನೆಯ ಹನಿ ತೇವವನ್ನೂ ತೆಗೆಯಬೇಕಾದಾಗ ಪ್ರಯೋಗಾಲಯದವರು ನ್ಯಾಕ್ ನೆನೆಯುತ್ತಾರೆ. ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಅಲ್ಲಿ ಸೋಡಿಯಂ ಇನ್ನೂ ಗಟ್ಟಿ ತುಂಡೇ. ನ್ಯಾಕ್ ಮಾತ್ರ ಕುದಿಯುವ ದ್ರಾವಕದ ತಳದಲ್ಲಿ ಉರುಳಾಡುತ್ತ ಕ್ಷಣಕ್ಷಣವೂ ಹೊಸ ಮೈ ತೋರುತ್ತದೆ. ಜೊತೆಗೆ ಚಿಟಿಕೆ ಬೆಂಜೊಫಿನೋನ್ ಹಾಕಿದ್ದರೆ, ತೇವವೂ ಆಮ್ಲಜನಕವೂ ಮುಗಿದ ಗಳಿಗೆಯಲ್ಲಿ ಸೀಸೆ ಪೂರ್ತಿ ಕಡುನೀಲಿಯಾಗುತ್ತದೆ. ಆ ನೀಲಿ ಕಂಡಮೇಲೆ ಬೇರೆ ಪರೀಕ್ಷೆ ಬೇಕಿಲ್ಲ.

ಎಂಜಿನಿಯರುಗಳಿಗೆ ಬೇಕಾದದ್ದು ನ್ಯಾಕ್‌ನ ಇನ್ನೊಂದು ಗುಣ. ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ ರಿಯಾಕ್ಟರ್‌ಗೆ ನೀರು ಹಾಯಿಸುವಂತಿಲ್ಲ, ನೀರು ನ್ಯೂಟ್ರಾನ್‌ಗಳ ವೇಗ ಇಳಿಸಿಬಿಡುತ್ತದೆ. ಶಾಖವನ್ನು ಹೊತ್ತೊಯ್ಯಲು ಲೋಹವೇ ಬೇಕು, ಅದು ಕೊಳವೆಯಲ್ಲಿ ಹರಿಯಲೂ ಬೇಕು. 1951ರ ಡಿಸೆಂಬರ್ 20ರಂದು ಅಮೆರಿಕದ ಐಡಾಹೊದಲ್ಲಿ ಇಬಿಆರ್-1 ಎಂಬ ಪುಟ್ಟ ರಿಯಾಕ್ಟರ್ ನಾಲ್ಕು ಬಲ್ಬುಗಳನ್ನು ಬೆಳಗಿಸಿತು. ಪರಮಾಣು ಶಾಖದಿಂದ ಹುಟ್ಟಿದ ವಿದ್ಯುತ್ತಿನ ಆ ಬೆಳಕಿನ ಹಿಂದೆ ಕೊಳವೆಗಳಲ್ಲಿ ಹರಿದದ್ದು ನ್ಯಾಕ್. ಸ್ಕಾಟ್ಲೆಂಡಿನ ಡೂನ್‌ರೇ ರಿಯಾಕ್ಟರ್ ಕೂಡ ಇದನ್ನೇ ನೆಚ್ಚಿತ್ತು. ಅದು 1977ರಲ್ಲಿ ನಿಂತಿತು. ಒಳಗಿದ್ದ ಟನ್‌ಗಟ್ಟಲೆ ದ್ರವ ಲೋಹವನ್ನು ಅಪಾಯವಾಗದಂತೆ ನಾಶಮಾಡುವ ಕೆಲಸ ಮಾತ್ರ ಮುಂದಿನ ಶತಮಾನದವರೆಗೂ ಎಳೆಯಿತು.

ದೊಡ್ಡ ರಿಯಾಕ್ಟರ್‌ಗಳು ಆಮೇಲೆ ಬರೀ ಸೋಡಿಯಂ ಕಡೆ ವಾಲಿದವು. ಶಾಖ ಒಯ್ಯುವುದರಲ್ಲಿ ಸೋಡಿಯಂ ಮೇಲು, ಬೆಂಕಿಯ ಭಯವೂ ತುಸು ಕಡಿಮೆ. ನಮ್ಮ ಕಲ್ಪಾಕ್ಕಂನಲ್ಲಿ 1985ರಿಂದ ಇರುವ ಪರೀಕ್ಷಾ ರಿಯಾಕ್ಟರ್ ಸೋಡಿಯಂನದೇ. ಅದಕ್ಕೆ ತೆರುವ ಬೆಲೆಯೆಂದರೆ, ಕೊಳವೆಗಳೊಳಗೆ ಲೋಹ ಹೆಪ್ಪುಗಟ್ಟದಂತೆ ಸದಾ ಬಿಸಿಯಾಗಿಟ್ಟಿರಬೇಕು.

ಬಾಹ್ಯಾಕಾಶದಲ್ಲಿ ಹಾಗೆ ಕಾಯಿಸುತ್ತ ಕೂರಲಾಗದು. 1965ರ ಏಪ್ರಿಲ್ 3ರಂದು ಅಮೆರಿಕ ಹಾರಿಸಿದ ಸ್ನ್ಯಾಪ್-10ಎ ರಿಯಾಕ್ಟರ್‌ನಲ್ಲಿ ನ್ಯಾಕ್ ಹರಿಯಿತು. ಅದನ್ನು ನೂಕಿದ ಪಂಪಿನಲ್ಲಿ ತಿರುಗುವ ಚಕ್ರವೇ ಇರಲಿಲ್ಲ. ದ್ರವದ ಮೂಲಕವೇ ವಿದ್ಯುತ್ ಹಾಯಿಸಿ, ಅಡ್ಡಲಾಗಿ ಕಾಂತಕ್ಷೇತ್ರ ಒಡ್ಡಿದರೆ ದ್ರವ ತಾನೇ ಮುಂದಕ್ಕೆ ಸರಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಎಡಗೈಯ ಮೂರು ಬೆರಳು ಚಾಚಿ ಕಲಿತ ಫ್ಲೆಮಿಂಗ್ ನಿಯಮ ಅಷ್ಟೇ. ಇಷ್ಟು ಸರಳವಾದ ಯಂತ್ರ ಕಂಡರೆ ನನಗೆ ಇಂದಿಗೂ ಖುಷಿ. ರಿಯಾಕ್ಟರ್ 43 ದಿನ ನಡೆದು, ಉಪಗ್ರಹದ ಬೇರೊಂದು ವಿದ್ಯುತ್ ಭಾಗ ಕೆಟ್ಟಿದ್ದರಿಂದ ನಿಂತಿತು.

ಸೋವಿಯತ್ ಒಕ್ಕೂಟದ ಗೂಢಚಾರ ಉಪಗ್ರಹಗಳಲ್ಲೂ ನ್ಯಾಕ್ ಇತ್ತು. 1978ರಲ್ಲಿ ಅವುಗಳಲ್ಲೊಂದಾದ ಕಾಸ್ಮೋಸ್ 954 ಕೆನಡಾದ ಮೇಲೆ ಬಿದ್ದು ವಿಕಿರಣ ಚೆಲ್ಲಿತು. ಇನ್ನೆಂದೂ ಹಾಗಾಗಬಾರದೆಂದು, ಕೆಲಸ ಮುಗಿದಮೇಲೆ ಎತ್ತರದ ಕಕ್ಷೆಯಲ್ಲಿ ರಿಯಾಕ್ಟರಿನ ಇಂಧನವನ್ನು ಹೊರದಬ್ಬುವ ವ್ಯವಸ್ಥೆ ಬಂತು. ಇಂಧನ ಹೊರಬಿದ್ದಾಗ ಕೊಳವೆ ಬಾಯ್ತೆರೆದು ನ್ಯಾಕ್ ಹನಿಹನಿಯಾಗಿ ಚೆಲ್ಲಿತು. ಕೆಳಗಿನ ನೆಲವನ್ನು ಕಾಯಲು ಮಾಡಿದ ಏರ್ಪಾಡು ಮೇಲೆ ಕಸ ಹರಡಿತು. ಅಮೆರಿಕದ ಹೇಸ್ಟ್ಯಾಕ್ ರೇಡಾರ್ 900 ಕಿಲೋಮೀಟರ್ ಆಸುಪಾಸಿನಲ್ಲಿ ಪುಟ್ಟ ವಸ್ತುಗಳ ದಟ್ಟಣೆ ಕಂಡಿತು. ಪ್ರತಿಫಲಿಸಿ ಬಂದ ಅಲೆಗಳೇ ಅವು ನುಣುಪಾದ ಗುಂಡುಗಳೆಂದು ಹೇಳಿದವು.

ದ್ರವವಾದರೂ ನ್ಯಾಕ್ ಗಾಳಿಗೆ ಬಿದ್ದರೆ ಕೆನೆ ಕಟ್ಟದೆ ಬಿಡುವುದಿಲ್ಲ, ಆ ಕೆನೆಯೇ ಅತಿ ಕೆಟ್ಟದ್ದು. ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಎಂಬ ಹಳದಿ ಪದರದಲ್ಲಿ ಆಮ್ಲಜನಕ ತುಂಬಿರುತ್ತದೆ. ಅದಕ್ಕೆ ಎಣ್ಣೆ ಸೇರಿ, ಮೇಲೊಂದು ಪೆಟ್ಟು ಬಿದ್ದರೆ ಸಿಡಿಮದ್ದಿನ ಸಮ. 1999ರ ಡಿಸೆಂಬರ್‌ನಲ್ಲಿ ಅಮೆರಿಕದ ಓಕ್ ರಿಜ್‌ನ ವೈ-12 ಸ್ಥಾವರದಲ್ಲಿ ಚೆಲ್ಲಿದ ನ್ಯಾಕ್ ಮೇಲೆ ಖನಿಜ ತೈಲ ಸಿಂಪಡಿಸಿದ್ದರಿಂದ ಹೀಗೆಯೇ ಸ್ಫೋಟವಾಗಿ ಕೆಲಸಗಾರರು ಗಾಯಗೊಂಡರು. ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಕ್ಷೇಮ ಎಂದು ಸೋಡಿಯಂ ಕಲಿಸಿದ ಪಾಠ, ಕೆನೆಗಟ್ಟಿದ ನ್ಯಾಕ್ ಮುಂದೆ ಪ್ರಾಣಕ್ಕೇ ಕುತ್ತು.

ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುವುದೇಕೆ? ಹೊಮ್ಮುವ ಜಲಜನಕ ಹೊತ್ತಿಕೊಳ್ಳುವುದರಿಂದ ಎಂದು ನಾವೆಲ್ಲ ಬರೆದು ಅಂಕ ಪಡೆದಿದ್ದೇವೆ. ಆದರೆ ಆ ಅನಿಲವೇ ಲೋಹ ಮತ್ತು ನೀರಿನ ನಡುವೆ ತೆರೆಯಾಗಿ ನಿಂತು ಕ್ರಿಯೆಯನ್ನು ತಡೆಯಬೇಕಿತ್ತಲ್ಲ? ಪ್ರಾಗ್ ನಗರದ ಪಾವೆಲ್ ಯುಂಗ್ವಿರ್ಟ್, ಫಿಲಿಪ್ ಮೇಸನ್ ಮತ್ತು ಸಂಗಡಿಗರು ಕೆನೆಯಿಲ್ಲದ ನ್ಯಾಕ್ ಹನಿಯನ್ನು ನೀರಿಗೆ ಬಿಟ್ಟು ಅತಿವೇಗದ ಕ್ಯಾಮೆರಾ ಹಿಡಿದರು. ಮುಟ್ಟಿದ ಅರ್ಧ ಮಿಲಿಸೆಕೆಂಡಿನೊಳಗೇ ಹನಿಯಿಂದ ಲೋಹದ ಮುಳ್ಳುಗಳು ಚಿಮ್ಮಿದ್ದವು. ಎಲೆಕ್ಟ್ರಾನ್‌ಗಳು ನೀರಿಗೆ ಓಡಿಹೋದಾಗ ಹಿಂದುಳಿದ ಧನ ಅಯಾನುಗಳು ಒಂದನ್ನೊಂದು ದೂಡಿ ಹನಿಯನ್ನೇ ಹರಿದುಹಾಕುತ್ತವೆ ಎಂದು 2015ರಲ್ಲಿ ಅವರು ಪ್ರಕಟಿಸಿದರು.

2021ರಲ್ಲಿ ಅದೇ ಬಳಗ ಬರ್ಲಿನ್‌ನಲ್ಲಿ ಪ್ರಯೋಗವನ್ನು ತಿರುವಿಹಾಕಿತು. ಲೋಹವನ್ನು ನೀರಿಗೆ ಹಾಕುವ ಬದಲು, ನಿರ್ವಾತದಲ್ಲಿ ತೂಗುವ ನ್ಯಾಕ್ ಹನಿಯ ಮೇಲೆ ತೆಳುವಾದ ನೀರಾವಿ ಕೂರಿಸಿದರು. ಅಷ್ಟು ತೆಳು ನೀರಿಗೆ ಎಲೆಕ್ಟ್ರಾನ್‌ಗಳು ತುಂಬಿಕೊಂಡವು, ಸಿಡಿತವಾಗಲಿಲ್ಲ. ಬೆಳ್ಳಿಯ ಹನಿ ಚಿನ್ನದ ಬಣ್ಣಕ್ಕೆ ತಿರುಗಿತು. ಬಣ್ಣ ಬಂದದ್ದು ನೀರಿಗೆ, ಕೆಲವೇ ಸೆಕೆಂಡು ಆ ನೀರು ಲೋಹವಾಗಿತ್ತು. ಆಮೇಲೆ ಹನಿ ಕಳಚಿ ಬಿತ್ತು. ಕೊಳವೆಯ ತುದಿಯಲ್ಲಿ ಇನ್ನೊಂದು, ಕೆನೆಯಿಲ್ಲದ ಬೆಳ್ಳಿಯ ಹನಿ ಊದತೊಡಗಿತು.