ಲೌಂಜು ಮತ್ತು ಧರ್ಮಶಾಲೆ

ಬೆಂಗಳೂರು ವಿಮಾನನಿಲ್ದಾಣದ ಎರಡನೆಯ ಟರ್ಮಿನಲ್ಲು 2022ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯ ಲೌಂಜಿನಲ್ಲಿ ನಾನೂ ಟಿಕೋಟಾದ ನನ್ನ ಸೋದರತ್ತೆಯೂ ವಿಮಾನಕ್ಕಾಗಿ ಕಾದಿದ್ದೆವು. ಮೆತ್ತನೆಯ ಆಸನ, ತಣ್ಣನೆಯ ಗಾಳಿ, ಬೇಕಾದಷ್ಟು ತಿನಿಸು; ಸುಖಕ್ಕೆ ಕೊರತೆಯಿರಲಿಲ್ಲ.

“ಬಂದವರಿಗೆಲ್ಲ ಹಿಂಗಽ ಉಣ್ಣಾಕ ಹಾಕತಾರೇನಪಾ?” ಎಂದಳು ಅತ್ತೆ.

“ಇಲ್ಲತ್ತಿ, ದುಬಾರಿ ಟಿಕೀಟೋ ಬ್ಯಾಂಕಿನ ಕಾರ್ಡೋ ಇದ್ದವರಿಗೆ ಅಷ್ಟಽ.”

“ಹಂಗಾರ ಇದು ಧರ್ಮಶಾಲಿ ಅಲ್ಲ ಬಿಡು.”

ನನಗೆ ನಮ್ಮ ವಿಜಯಪುರದ ಗೋಳಗುಮ್ಮಟದ ಆವರಣದಲ್ಲಿರುವ ಧರ್ಮಶಾಲೆ ನೆನಪಾಯಿತು. ಗುಮ್ಮಟದಡಿ ಮಲಗಿರುವ ಮಹಮ್ಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡ. ಆ ಧರ್ಮಶಾಲೆಯಲ್ಲಿ ಮೆತ್ತೆಯಿಲ್ಲ, ತಂಗಾಳಿಯ ಯಂತ್ರವಿಲ್ಲ; ಇರುವುದು ಕಲ್ಲು ಮತ್ತು ನೆರಳು. ಲೌಂಜು ನಮ್ಮ ಯೋಗ್ಯತೆಯನ್ನು ಕೇಳುತ್ತದೆ. ಧರ್ಮಶಾಲೆ ಎಂಬ ಮಾತು ದಣಿವನ್ನಷ್ಟೇ ಕೇಳುತ್ತದೆ.

ಅಷ್ಟರಲ್ಲಿ ಅತ್ತೆ, ಬಬಲೇಶ್ವರದ ಮಗಳು ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಿ, ತಟ್ಟೆ ಎತ್ತುತ್ತಿದ್ದ ಹುಡುಗಿಗೆ ಜೋಳದ ರೊಟ್ಟಿಯೊಂದನ್ನು ನೀಡಿದಳು.